ಮಾಗಿಯ ಧ್ವನಿಯೂ ಪಾಠಶುದ್ಧಿಯೂ

ಮಾಗಿಯ ನಸುಕಿನಲ್ಲಿ ಕೆರೆಯ ಏರಿಯ ಮೇಲೆಯೂ ಕಾಡಿನ ಅಂಚಿನಲ್ಲಿಯೂ ಧ್ವನಿಮುದ್ರಣಯಂತ್ರವನ್ನಿರಿಸಿ ಹಕ್ಕಿಗಳ ಕೂಗನ್ನು ಸಂಗ್ರಹಿಸುವ ಹವ್ಯಾಸವು ನಮ್ಮ ವಿದ್ಯಾವಂತ ತರುಣರಲ್ಲಿ ಬೆಳೆಯುತ್ತಿರುವುದು ಸಂತೋಷದ ವಿಷಯವೇ ಸರಿ. ಕೋವಿಯನ್ನು ಹಿಡಿದು ಕೆರೆಗೆ ಹೋಗುತ್ತಿದ್ದ ಕಾಲವೊಂದಿದ್ದಿತು. ಕಿವಿಯನ್ನು ಹಿಡಿದುಕೊಂಡು ಹೋಗುವ ಕಾಲವು ಅದಕ್ಕಿಂತ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಒಳ್ಳೆಯ ಅಭ್ಯಾಸದೊಡನೆ ಒಂದು ದುರಭ್ಯಾಸವೂ ಸೇರಿಕೊಂಡಿದೆ. ಮುದ್ರಿಸಿ ತಂದ ಧ್ವನಿಯಿಂದ ಲಾರಿಯ ಮೊರೆತ, ನೀರೆತ್ತುವ ಪಂಪಿನ ಸದ್ದು, ಗುಡಿಯ ಧ್ವನಿವರ್ಧಕ, ದನಗಾಹಿಯ ಕೂಗು ಇವೆಲ್ಲವನ್ನೂ ಗಣಕಯಂತ್ರದ ಸಹಾಯದಿಂದ ಅಳಿಸಿ, ತೆರವಾದೆಡೆಯಲ್ಲಿ ಬೇರೊಂದು ದಿನದ, ಒಮ್ಮೊಮ್ಮೆ ಬೇರೊಂದು ಊರಿನ ಧ್ವನಿಯನ್ನು ತುಂಬಿ, ಇಂಥ ಕೆರೆಯ ಮಾಗಿಯ ಮುಂಜಾವು ಎಂಬ ಹೆಸರಿನಿಂದ ಅದನ್ನು ಲೋಕಕ್ಕೆ ಒಪ್ಪಿಸುವರು. ಇದಕ್ಕೆ ಅವರು ಕೊಟ್ಟಿರುವ ಹೆಸರು ಶುದ್ಧೀಕರಣ. ಹಳೆಯ ಗ್ರಂಥಗಳನ್ನು ಸಂಪಾದಿಸುವವರು ಇಂಥ ಕೆಲಸವನ್ನು ಲೋಪವೆಂದೂ ಪ್ರಕ್ಷೇಪವೆಂದೂ ಕರೆಯುತ್ತ ಬಂದಿರುವರು. ಎರಡನ್ನೂ ದೋಷಗಳ ಪಟ್ಟಿಯಲ್ಲಿಯೇ ಸೇರಿಸಿರುವರು.

ಮಾಗಿಯ ಧ್ವನಿಗೆ ಇಷ್ಟು ಬೆಲೆಯೇಕೆಂಬುದನ್ನು ಮೊದಲು ತಿಳಿಯಬೇಕು. ಮಳೆಗಾಲದ ಇರುಳಿನಲ್ಲಿ ಕಪ್ಪೆಗಳೂ ಜೀರುಂಡೆಗಳೂ ಮಿಕ್ಕೆಲ್ಲ ಸದ್ದನ್ನು ಮುಳುಗಿಸಿಬಿಡುವುವು. ವಸಂತವಂತೂ ಕೋಗಿಲೆಯ ಸ್ವತ್ತು. ಹೇಮಂತ ಶಿಶಿರಗಳು ಮಾತ್ರ ಅತಿಥಿಗಳ ಕಾಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿಯೂ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಸಾವಿರಗಟ್ಟಲೆಯಾಗಿ ಬಂದಿಳಿಯುವುವು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಈ ಜಾತಿಯ ಹಕ್ಕಿಗಳು ನಮ್ಮ ಕೆರೆಗಳಲ್ಲಿ ಕಾಣಿಸಿಕೊಂಡಿರುವುದುಂಟು. ನೀರಿನಿಂದೆದ್ದು ಹೊಲಗಳ ಕಡೆಗೆ ಹಾರುವಾಗ ಅವು ಮೂಗಿನಿಂದ ಹೊರಡಿಸುವ ಗಂಭೀರವಾದ ಕೂಗನ್ನು ಒಮ್ಮೆ ಕೇಳಿದವರು ಮರೆಯಲಾರರು. ಉತ್ತರದ ಕಾಡುಗಳಲ್ಲಿ ಮರಿಮಾಡಿ ದಕ್ಷಿಣಕ್ಕೆ ಚಳಿಗಾಲ ಕಳೆಯಲು ಬರುವ ನವರಂಗ ಪಕ್ಷಿಯು ಬೆಳಗಿನಲ್ಲಿ ಒಮ್ಮೆ, ಬೈಗಿನಲ್ಲಿ ಒಮ್ಮೆ ಎರಡೇ ಸ್ವರಗಳ ಸಿಳ್ಳು ಹಾಕುವುದು. ತಮಿಳರು ಅದಕ್ಕೆ ಆರು ಗಂಟೆಯ ಹಕ್ಕಿ ಎಂದೇ ಹೆಸರಿಟ್ಟಿರುವರು. ಈ ಧ್ವನಿಗಳು ವರ್ಷದಲ್ಲಿ ಕೆಲವೇ ತಿಂಗಳು ನಮ್ಮವು.

ಇನ್ನು ಮಾಗಿಯ ಗಾಳಿಯ ಗುಣವೂ ವಿಶೇಷವಾದುದು. ನಿರ್ಮಲವಾದ ಚಳಿಯ ಇರುಳಿನಲ್ಲಿ ನೆಲವು ಬೇಗನೆ ತಣಿಯುವುದರಿಂದ ನೆಲಕ್ಕೆ ತಾಗಿದ ಗಾಳಿಯು ಮೇಲಣ ಗಾಳಿಗಿಂತ ತಂಪಾಗುವುದು. ಶಬ್ದದ ವೇಗವು ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು ೩೩೧ ಮೀಟರು, ೨೦ ಡಿಗ್ರಿಯಲ್ಲಿ ಸುಮಾರು ೩೪೩ ಮೀಟರು. ಎಂದರೆ ತಂಪಿನಲ್ಲಿ ಅದು ನಿಧಾನ, ಬಿಸುಪಿನಲ್ಲಿ ಬಿರುಸು. ಆದುದರಿಂದ ಮೇಲಕ್ಕೆ ಹೋಗಿ ಚದುರಿಹೋಗಬೇಕಾಗಿದ್ದ ಶಬ್ದವು ಬಾಗಿ ಮತ್ತೆ ನೆಲದ ಕಡೆಗೇ ಇಳಿಯುವುದು. ಹಗಲಿನಲ್ಲಿ ಕೇಳದ ದೂರದ ಕೂಗು ನಸುಕಿನಲ್ಲಿ ಪಕ್ಕದಲ್ಲಿಯೇ ಎಂಬಂತೆ ಕೇಳುವುದಕ್ಕೆ ಇದೇ ಕಾರಣ. ಆದರೆ ಈ ನಿಯಮವು ಹಕ್ಕಿಗಳಿಗೊಂದು, ಲಾರಿಗಳಿಗೊಂದು ಎಂದು ಪಕ್ಷಪಾತ ಮಾಡುವುದಿಲ್ಲ. ಹೆಬ್ಬಾತಿನ ಕೂಗನ್ನು ಹೊತ್ತು ತಂದ ಚಳಿಯೇ ಹೆದ್ದಾರಿಯ ಮೊರೆತವನ್ನೂ ಹೊತ್ತು ತರುವುದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸುವವನು ಮಾಗಿಯ ಗುಣವನ್ನೇ ಅರ್ಧ ಅಳಿಸಿದಂತಾಯಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಯಂತ್ರದ ದೋಷವನ್ನು ನಿವಾರಿಸುವುದು ಬೇರೆ, ಸ್ಥಳದ ಧ್ವನಿಯನ್ನು ಅಳಿಸುವುದು ಬೇರೆ. ಗಾಳಿಯು ಮೈಕಿನ ಮುಖಕ್ಕೆ ಬಡಿದು ಹುಟ್ಟುವ ಬುಸುಗುಡುವ ಸದ್ದು ಕೆರೆಯದಲ್ಲ, ಮೈಕಿನದು. ಅದನ್ನು ತಡೆಯಲು ರೋಮದ ಕವಚವನ್ನು ತೊಡಿಸುವುದು ಯುಕ್ತವೇ. ಇಬ್ಬನಿಯಿಂದ ಮೈಕನ್ನು ಕಾಪಾಡುವುದೂ, ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಂದುವುದರಿಂದ ಅದನ್ನು ಬೆಚ್ಚಗಿಡುವುದೂ, ತನ್ನ ಕೈಕಾಲುಗಳ ಸದ್ದು ಸೇರದಂತೆ ಯಂತ್ರವನ್ನು ಇರಿಸಿ ದೂರ ಸರಿಯುವುದೂ ಹಾಗೆಯೇ. ಶಾಸನದ ಪಡಿಯಚ್ಚನ್ನು ತೆಗೆಯುವವನು ಮೊದಲು ಕಲ್ಲಿನ ಮೇಲಣ ಪಾಚಿಯನ್ನು ತೊಳೆಯುವನು. ಅದು ಅವನ ಕರ್ತವ್ಯ. ಆದರೆ ಕಲ್ಲು ಒಡೆದಿದ್ದರೆ ಒಡಕನ್ನು ಗಾರೆಯಿಂದ ಮೆತ್ತಿ, ಅದರ ಮೇಲೆ ತನಗೆ ತೋಚಿದ ಅಕ್ಷರಗಳನ್ನು ಕೊರೆದು, ಇದೇ ಪ್ರಾಚೀನ ಶಾಸನವೆಂದು ಸಾರಿದರೆ ಅವನನ್ನು ವಿದ್ವಾಂಸನೆನ್ನುವರೆ? ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟವು ೧೮೮೬ರಲ್ಲಿ ಹೊರಬಂದಿತು. ಅಂದಿನಿಂದ ನಮ್ಮ ನಾಡಿನಲ್ಲಿ ಬೆಳೆದ ಶಾಸನಶೋಧನೆಯು ಅಳಿದ ಅಕ್ಷರಗಳ ಎಡೆಯನ್ನು ಅಳಿದುದೆಂದೇ ತೋರಿಸುವುದನ್ನು ಕಲಿಸಿದೆ. ಕಲ್ಲಿಗೆ ಸಲ್ಲುವ ಈ ಪ್ರಾಮಾಣಿಕತೆಯು ಧ್ವನಿಗೆ ಏಕೆ ಸಲ್ಲಬಾರದು?

ಇದಕ್ಕೆ ಪ್ರತಿಪಕ್ಷದವರು ಮೂರು ವಾದಗಳನ್ನು ಹೂಡುವರು.

ಮೊದಲನೆಯದು: ಕವಿಯೂ ಚಿತ್ರಕಾರನೂ ಕಂಡುದೆಲ್ಲವನ್ನೂ ಹೇಳುವುದಿಲ್ಲ, ಆಯ್ದು ಹೇಳುವರು, ಧ್ವನಿಮುದ್ರಕನಿಗೆ ಆ ಸ್ವಾತಂತ್ರ್ಯ ಬೇಡವೆ? ಬೇಕಾದರೆ ಅವನೂ ತೆಗೆದುಕೊಳ್ಳಲಿ. ಆದರೆ ಆಗ ಅವನು ಕೆರೆಯ ಹೆಸರನ್ನು ಬಿಡಬೇಕು. ಕವಿಯು ವರ್ಣಿಸಿದ ಸರೋವರವನ್ನು ಯಾರೂ ಭೂಪಟದಲ್ಲಿ ಹುಡುಕುವುದಿಲ್ಲ. ಧ್ವನಿಮುದ್ರಕನಾದರೋ ಊರು, ತಿಂಗಳು, ಹೊತ್ತುಗಳನ್ನು ಹೇಳಿ ತನ್ನ ಕೃತಿಗೆ ನಂಬಿಕೆಯನ್ನು ಗಳಿಸುವನು. ಹೀಗೆ ಹೇಳಿದೊಡನೆ ಅವನು ಕವಿಯ ಪೀಠದಿಂದಿಳಿದು ಸಾಕ್ಷಿಯ ಕಟಕಟೆಗೆ ಬಂದು ನಿಂತಂತಾಗುವುದು. ಸಾಕ್ಷಿಗೆ ಆಯ್ಕೆಯ ಸ್ವಾತಂತ್ರ್ಯವಿಲ್ಲ.

ಬೇಡದ ಸದ್ದೇ ಸಾಕ್ಷ್ಯದ ಸಾರವಾಗಿರುವ ಉದಾಹರಣೆಗಳೂ ಇಲ್ಲದಿಲ್ಲ. ಇಂಗ್ಲೆಂಡಿನ ಸರ್ರೆ ಪ್ರಾಂತದ ತೋಟವೊಂದರಿಂದ ನೈಟಿಂಗೇಲ್ ಹಕ್ಕಿಯ ಗಾನವನ್ನು ಬಿ. ಬಿ. ಸಿ. ಸಂಸ್ಥೆಯವರು ೧೯೨೪ರಿಂದ ರೇಡಿಯೋದಲ್ಲಿ ಪ್ರಸಾರ ಮಾಡುತ್ತಿದ್ದರು. ೧೯೪೨ರ ಮೇ ತಿಂಗಳ ಒಂದು ರಾತ್ರಿ ಹಕ್ಕಿ ಹಾಡುತ್ತಿದ್ದಂತೆಯೇ ಜರ್ಮನಿಯ ಮೇಲೆ ದಾಳಿಗೆ ಹೊರಟ ಬಾಂಬು ವಿಮಾನಗಳು ತೋಟದ ಮೇಲೆ ಹಾದುಹೋದುವು. ಶತ್ರುವಿಗೆ ಸುಳಿವು ಸಿಕ್ಕೀತೆಂದು ಪ್ರಸಾರವನ್ನು ನಿಲ್ಲಿಸಿದರು. ಮುದ್ರಣಯಂತ್ರವನ್ನು ಮಾತ್ರ ನಿಲ್ಲಿಸಲಿಲ್ಲ. ಇಂದಿಗೂ ಆ ಮುದ್ರಣದಲ್ಲಿ ವಿಮಾನಗಳ ಗುಡುಗಿನ ಕೆಳಗೆ ಹಕ್ಕಿ ಹಾಡುತ್ತಿರುವುದನ್ನು ಕೇಳಬಹುದು. ಆ ಗುಡುಗನ್ನು ಅಳಿಸಿದರೆ ಉಳಿಯುವುದು ಮೇ ತಿಂಗಳ ಯಾವುದೋ ಒಂದು ರಾತ್ರಿ. ಅದನ್ನು ಉಳಿಸಿದುದರಿಂದ ಅದು ಚರಿತ್ರೆಯಾಯಿತು.

ಎರಡನೆಯ ವಾದ: ಮನುಷ್ಯನ ಸದ್ದು ಪ್ರಕೃತಿಗೆ ಸೇರಿದುದಲ್ಲ; ಅದನ್ನು ತೆಗೆದರೆ ಪ್ರಕೃತಿಗೆ ನಷ್ಟವೇನು? ಮೇಲುನೋಟಕ್ಕೆ ಇದು ಬಲವಾದ ವಾದ. ಆದರೆ ಮಾಗಡಿಯ ಕೆರೆಯನ್ನೇ ನೋಡಬಹುದು. ಸುಮಾರು ೫೦ ಹೆಕ್ಟೇರು ವಿಸ್ತಾರದ ಈ ಕೆರೆಯು ಮಳೆಯ ನೀರನ್ನು ಬೇಸಾಯಕ್ಕಾಗಿ ಕೂಡಿಡಲೆಂದು ಜನರು ಕಟ್ಟಿಸಿದ ಕೆರೆ. ೨೦೨೪ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿದುದೂ ಆ ಸ್ಥಿತಿಯಲ್ಲಿಯೇ. ಕೆರೆಯೇ ಮನುಷ್ಯಕೃತವಾಗಿರುವಾಗ, ಅದರ ಸುತ್ತಲಿನ ಹೊಲವೂ ಮನುಷ್ಯಕೃತವಾಗಿರುವಾಗ, ಅಟ್ಟದ ಮೇಲೆ ನಿಂತು ಜೋಳದ ತೆನೆಗೆ ಎರಗುವ ಕಬ್ಬಕ್ಕಿಗಳನ್ನು ಕವಣೆ ಬೀಸಿ ಓಡಿಸುವವನ ಕೂಗು ಮಾತ್ರ ಹೊರಗಿನದು ಹೇಗಾದೀತು? ಕಾಳಿದಾಸನದೆಂದು ಪ್ರಸಿದ್ಧವಾದ ಋತುಸಂಹಾರವು ಹೇಮಂತ ಶಿಶಿರಗಳೆರಡರಲ್ಲಿಯೂ ಕ್ರೌಂಚದ ಧ್ವನಿಯನ್ನು ಹೇಳಿದೆ. ಆ ಧ್ವನಿ ಕೇಳಿಬರುವುದು ನಿರ್ಜನವಾದ ಅರಣ್ಯದಲ್ಲಲ್ಲ. ಬೆಳೆದು ನಿಂತ ಶಾಲಿಯ ಗದ್ದೆ, ಕಬ್ಬಿನ ತೋಟ, ಊರಿನ ಗಡಿ ಇವುಗಳ ನಡುವೆ. ಋತುವನ್ನು ಬಲ್ಲ ಕವಿಯು ರೈತನನ್ನು ಹೊರಗಟ್ಟಲಿಲ್ಲ.

ಇದಲ್ಲದೆ, ಗದ್ದಲವನ್ನು ಅಳಿಸಿದರೂ ಅದರ ಗುರುತು ಹಕ್ಕಿಯ ಕೊರಳಿನಲ್ಲಿ ಉಳಿದಿರುವುದು. ನೆದರ್ಲೆಂಡ್ಸ್ ದೇಶದ ಲೈಡನ್ ನಗರದಲ್ಲಿ ಗದ್ದಲ ಹೆಚ್ಚಿದೆಡೆಯ ಗ್ರೇಟ್ ಟಿಟ್ ಹಕ್ಕಿಗಳು, ಗದ್ದಲದ ತಗ್ಗುಸ್ವರಗಳಲ್ಲಿ ತಮ್ಮ ಹಾಡು ಮುಳುಗದಂತೆ, ತಮ್ಮ ಕನಿಷ್ಠ ಸ್ವರವನ್ನು ಏರಿಸಿ ಹಾಡುವುವೆಂದು ೨೦೦೩ರಲ್ಲಿ ಶೋಧಕರು ಪ್ರಕಟಿಸಿದರು. ೨೦೨೦ರಲ್ಲಿ ಕೋವಿಡ್ ವ್ಯಾಧಿಯ ದಿಗ್ಬಂಧನದಿಂದ ಸ್ಯಾನ್ ಫ್ರಾನ್ಸಿಸ್ಕೋ ನಗರವು ಮೌನವಾದಾಗ, ಅಲ್ಲಿಯ ಒಂದು ಜಾತಿಯ ಗುಬ್ಬಿಗಳು ಮೆಲ್ಲನೆ ಹಾಡಿದರೂ ಅವುಗಳ ಹಾಡು ಹಿಂದಿಗಿಂತ ದೂರ ಮುಟ್ಟಿತು. ಸ್ವರದ ಹರವೂ ಹೆಚ್ಚಿತು. ಮೊದಲಿನ ವರ್ಷಗಳ ಧ್ವನಿಮುದ್ರಣಗಳು ಗದ್ದಲಸಹಿತವಾಗಿ ಉಳಿದಿದ್ದುದರಿಂದಲೇ ಈ ಹೋಲಿಕೆ ಸಾಧ್ಯವಾಯಿತು. ಗದ್ದಲವನ್ನು ಅಳಿಸಿಟ್ಟಿದ್ದರೆ ಹಕ್ಕಿಯ ಸ್ವರವೇಕೆ ಏರಿತ್ತೆಂಬ ಪ್ರಶ್ನೆಗೆ ಉತ್ತರವೇ ಸಿಗುತ್ತಿರಲಿಲ್ಲ. ತಗ್ಗುಸ್ವರಗಳನ್ನೆಲ್ಲ ಕತ್ತರಿಸುವ ಜರಡಿಯು ಲಾರಿಯೊಡನೆ ಸಾವಿರ ರೆಕ್ಕೆಗಳ ಸದ್ದಿನ ತಗ್ಗಾದ ಭಾಗವನ್ನೂ ಒಯ್ಯುವುದೆಂಬುದು ಬೇರೆ ಮಾತು.

ಮೂರನೆಯ ವಾದ: ದಣಿದ ಪೇಟೆಯ ಜನಕ್ಕೆ ಶಾಂತಿ ಬೇಕು, ಲಾರಿಯ ಸದ್ದನ್ನು ಕೇಳುವುದಕ್ಕೆ ಅವರಿಗೆ ಕೆರೆಯ ಧ್ವನಿಮುದ್ರಣ ಬೇಡ. ಇದು ಕನಿಕರಕ್ಕೆ ಪಾತ್ರವಾದ ವಾದ. ಹಣ್ಣಿನ ರಸದ ಸೀಸೆಯ ಮೇಲೆ ಅದರಲ್ಲಿ ಏನೇನು ಸೇರಿದೆಯೆಂದು ಬರೆಯುವಂತೆ, ಇದು ಅಳಿಸಿ ಸೇರಿಸಿ ಮಾಡಿದ ಧ್ವನಿ ಎಂದು ಸ್ಪಷ್ಟವಾಗಿ ಬರೆದು ಕೊಟ್ಟರೆ ಯಾರ ಆಕ್ಷೇಪಣೆಯೂ ಇಲ್ಲ. ಹಾಗೆ ಬರೆಯದಿದ್ದರೆ ಆಗುವ ಅನರ್ಥವು ಸಣ್ಣದಲ್ಲ. ಕೃತಕವಾದ ಧ್ವನಿಯು ನಿಜವನ್ನು ಎಷ್ಟು ಸುಲಭವಾಗಿ ಹೊರದೂಡುವುದೆಂಬುದಕ್ಕೆ ಕಪ್ಪೆಯೇ ಸಾಕ್ಷಿ. ಹಾಲಿವುಡ್ಡಿನ ಚಲನಚಿತ್ರಗಳವರು ತಮ್ಮ ನೆರೆಯ ಪೆಸಿಫಿಕ್ ಮರಗಪ್ಪೆಯ ಕೂಗನ್ನು ಮುದ್ರಿಸಿ ಜಗತ್ತಿನ ಎಲ್ಲ ಕಾಡುಗಳ ದೃಶ್ಯಗಳಿಗೂ ಅಂಟಿಸಿದರು. ಉತ್ತರ ಅಮೆರಿಕದ ಪಶ್ಚಿಮ ಭಾಗದ ಆ ಒಂದು ಜಾತಿಯ ಸದ್ದೇ ಈಗ ಇಂಗ್ಲಿಷ್ ಬಲ್ಲ ಮಕ್ಕಳಿಗೆಲ್ಲ ಕಪ್ಪೆಯ ಭಾಷೆಯಾಗಿ ಕುಳಿತಿದೆ. ಪಶ್ಚಿಮಘಟ್ಟಗಳ ಕಪ್ಪೆಗಳು ನಾನಾ ಬಗೆಯಾಗಿ ಕೂಗುತ್ತಿದ್ದರೂ ನಮ್ಮ ಮನೆಗಳ ಮಕ್ಕಳು ಆ ಪರದೇಶದ ಕಪ್ಪೆಯನ್ನೇ ಅನುಕರಿಸುವರು. ನಾಳೆ ನಮ್ಮ ಕೆರೆಗಳಿಗೂ ಇದೇ ಗತಿಯಾಗಬೇಕೆ?

ಇದಕ್ಕಿಂತಲೂ ಹೆಚ್ಚಿನ ಅಪಾಯವೊಂದಿದೆ. ಕಣ್ಣಿಗೆ ಕಾಣದ ಹಾನಿಯನ್ನು ಕಿವಿಯು ಮೊದಲು ತಿಳಿಯುವುದು. ಅಮೆರಿಕದ ಬರ್ನಿ ಕ್ರೌಸ್ ಎಂಬ ಧ್ವನಿಶೋಧಕರು ೧೯೮೮ರಲ್ಲಿ ಸಿಯೆರಾ ನೆವಾಡಾ ಪರ್ವತಗಳ ಲಿಂಕನ್ ಮೆಡೋ ಎಂಬ ಹುಲ್ಲುಗಾವಲಿನಲ್ಲಿ ಬೆಳಗಿನ ಧ್ವನಿಯನ್ನು ಮುದ್ರಿಸಿದರು. ಆಮೇಲೆ ಅಲ್ಲಿ ಆಯ್ದ ಮರಗಳನ್ನು ಮಾತ್ರ ಕಡಿದರು. ಇದರಿಂದ ಕಾಡಿಗೆ ಯಾವ ಹಾನಿಯೂ ಇಲ್ಲವೆಂಬ ಭರವಸೆಯೂ ಇದ್ದಿತು. ಮರುವರ್ಷ ಅದೇ ಕಾಲದಲ್ಲಿ ಅದೇ ಸ್ಥಳದಲ್ಲಿ ಮುದ್ರಿಸಿದಾಗ, ಛಾಯಾಚಿತ್ರದಲ್ಲಿ ಹುಲ್ಲುಗಾವಲು ಮೊದಲಿನಂತೆಯೇ ಇದ್ದರೂ ಹಕ್ಕಿಗಳ ಮೇಳವು ಬಹುಮಟ್ಟಿಗೆ ಅಡಗಿಹೋಗಿದ್ದಿತು. ಎರಡನೆಯ ಮುದ್ರಣಕ್ಕೆ ಯಾರಾದರೂ ಮೊದಲನೆಯ ಮುದ್ರಣದ ಹಕ್ಕಿಗಳನ್ನು ಅಂಟಿಸಿದ್ದರೆ ಏನಾಗುತ್ತಿತ್ತು? ಹುಲ್ಲುಗಾವಲು ಸುಖವಾಗಿದೆಯೆಂದು ಲೋಕವು ನಂಬುತ್ತಿತ್ತು. ಹೆಬ್ಬಾತುಗಳು ಬಾರದ ವರ್ಷವೂ ಯಂತ್ರದಲ್ಲಿ ಬರುತ್ತಲೇ ಇದ್ದರೆ, ಕೆರೆಯ ಹೂಳನ್ನು ಕುರಿತು ಯಾರು ಚಿಂತಿಸುವರು? ರೋಗಿಯ ನಾಡಿಯನ್ನು ಬಿಟ್ಟು ವೈದ್ಯನು ತನ್ನ ನಾಡಿಯನ್ನೇ ಹಿಡಿದು ಆರೋಗ್ಯವೆಂದು ಬರೆದುಕೊಟ್ಟಂತೆ ಆಗುವುದು.

ಆದುದರಿಂದ ಮಾಗಿಯ ಧ್ವನಿಯನ್ನು ಸಂಗ್ರಹಿಸುವವರು ಕೆಲವು ನಿಯಮಗಳನ್ನು ಪಾಲಿಸಬೇಕು. ಯಂತ್ರವು ಹಿಡಿದ ಮೂಲವನ್ನು ಹಿಂಡಿ ಕಿರಿದುಮಾಡದೆ, ಕತ್ತರಿಸದೆ ಹಾಗೆಯೇ ಕಾಪಾಡಬೇಕು. ಸ್ಥಳ, ದಿನ, ಹೊತ್ತು, ಚಳಿಗಾಳಿಗಳ ಸ್ಥಿತಿ, ಯಂತ್ರದ ಜಾತಿ, ಕೇಳಿಬಂದ ಮನುಷ್ಯರ ಸದ್ದುಗಳು ಇವನ್ನೆಲ್ಲ ಅದರೊಡನೆ ಬರೆದಿಡಬೇಕು. ಬಾರದ ಹಕ್ಕಿಯನ್ನು ಬರಮಾಡಿಕೊಳ್ಳಲು ಅದರ ಕೂಗನ್ನೇ ಯಂತ್ರದಿಂದ ನುಡಿಸುವುದನ್ನು ಬಿಡಬೇಕು. ಸಾಕ್ಷಿಗೆ ಮಾತು ಹೇಳಿಕೊಟ್ಟು ನುಡಿಸುವುದು ಯಾವ ನ್ಯಾಯಸ್ಥಾನದಲ್ಲಿಯೂ ಸಲ್ಲದು. ಬರಹದ ಬೆಲೆ ಎಷ್ಟೆಂಬುದನ್ನು ಲುಡ್ವಿಗ್ ಕೋಖ್ ಅವರ ಉದಾಹರಣೆಯಿಂದ ತಿಳಿಯಬಹುದು. ಇವರು ೧೮೮೯ರಲ್ಲಿ, ಎಂಟು ವರ್ಷದ ಬಾಲಕರಾಗಿದ್ದಾಗ, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಶಾಮ ಹಕ್ಕಿಯ ಹಾಡನ್ನು ಎಡಿಸನ್ ಯಂತ್ರದ ಮೇಣದ ಕೊಳವೆಯ ಮೇಲೆ ಮುದ್ರಿಸಿದರು. ಶಾಮವು ನಮ್ಮ ಪಶ್ಚಿಮಘಟ್ಟಗಳಲ್ಲಿಯೂ ಇರುವ ಹಕ್ಕಿ. ಅದು ಮನೆಯಲ್ಲಿ ಸಾಕಿದ ಹಕ್ಕಿಯೆಂಬ ಸಂಗತಿ ತಿಳಿದಿರುವುದರಿಂದ ಅದನ್ನು ಕಾಡಿನ ಧ್ವನಿಯೆಂದು ಯಾರೂ ಭ್ರಮಿಸುವುದಿಲ್ಲ. ಪ್ರತಿಯಾಗಿ, ಋತುಸಂಹಾರದ ಕ್ರೌಂಚವು ಇಂದಿನ ಯಾವ ಹಕ್ಕಿಯೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಶಿಕ್ಷಾಗ್ರಂಥವು ಅದಕ್ಕೆ ಮಧ್ಯಮಸ್ವರವನ್ನು ಕೊಟ್ಟಿದೆ. ಆ ಮಧ್ಯಮವನ್ನು ನಮಗೆ ಕೇಳಿಸುವವರಿಲ್ಲ. ಪೂರ್ವಿಕರಿಗೆ ಯಂತ್ರವಿರಲಿಲ್ಲವಾದುದರಿಂದ ಅವರು ನಿರ್ದೋಷಿಗಳು. ಯಂತ್ರವಿದ್ದೂ ಪಾಠವನ್ನು ಕೆಡಿಸಿಟ್ಟರೆ ಮುಂದಿನವರು ಇಂದಿನವರನ್ನು ಕ್ಷಮಿಸಲಾರರು.

ನಮ್ಮ ಸಾಹಿತ್ಯದ ಮೂಲದಲ್ಲಿರುವುದೂ ಕ್ರೌಂಚದ ಧ್ವನಿಯೇ. ಆದಿಕವಿಯು ತಮಸಾತೀರದಲ್ಲಿ ಕೇಳಿದುದು ಕೇವಲ ಇಂಪಾದ ಕೂಜನವನ್ನಲ್ಲ. ಬೇಡನ ಬಾಣವನ್ನೂ ಸಂಗಾತಿಯನ್ನು ಕಳೆದುಕೊಂಡ ಹಕ್ಕಿಯ ಗೋಳನ್ನೂ ಕೂಡಿಯೇ ಕೇಳಿದನು. ಬೇಡನು ಪ್ರಕೃತಿಗೆ ಸೇರಿದವನಲ್ಲವೆಂದು ಅವನನ್ನು ಅಳಿಸಿ, ಇಂಪಾದುದನ್ನು ಮಾತ್ರ ಉಳಿಸಿಕೊಂಡಿದ್ದರೆ ಶೋಕವು ಶ್ಲೋಕವಾಗುತ್ತಿರಲಿಲ್ಲ, ರಾಮಾಯಣವೂ ಹುಟ್ಟುತ್ತಿರಲಿಲ್ಲ. ಜಿಲ್ಲೆಜಿಲ್ಲೆಯ ಸಾಹಿತ್ಯಸಂಘಗಳು ಹಸ್ತಪ್ರತಿಗಳನ್ನು ಕಾಪಾಡುವಂತೆಯೇ ತಮ್ಮ ಸೀಮೆಯ ಒಂದೊಂದು ಕೆರೆಯ ಮಾಗಿಯ ಧ್ವನಿಯನ್ನು ವರ್ಷಕ್ಕೊಮ್ಮೆಯಾದರೂ, ಲಾರಿಯನ್ನೂ ಹೆಬ್ಬಾತನ್ನೂ ಕೂಡಿಯೇ, ಮುದ್ರಿಸಿ ಕಾಪಾಡುವುದು ಯೋಗ್ಯವಾಗಿದೆ. ಲಾರಿಯ ಸದ್ದು ಅಸಹ್ಯವೆನಿಸಿದರೆ ಅದನ್ನು ತಗ್ಗಿಸಬೇಕಾದ ಸ್ಥಳವು ಕೆರೆಯ ಪಕ್ಕದ ರಸ್ತೆಯೇ ಹೊರತು ಗಣಕಯಂತ್ರವಲ್ಲ.