ವೇಗಸಂಕಲನವೋ, ವೇಗಸಂಧಿಯೋ?

ಸಾಪೇಕ್ಷತಾವಾದದ ಪ್ರಸಂಗದಲ್ಲಿ ‘ವೇಗಸಂಕಲನ’ ಎಂಬ ಮಾತು ನನಗೆ ಸರಿದೋರದು. ಸಂಕಲನವೆಂದೊಡನೆ ವಿದ್ಯಾರ್ಥಿಯ ಕೈ ತಾನಾಗಿ ಕೂಡಿಸತೊಡಗುತ್ತದೆ. ಪ್ರಕೃತಿ ಹಾಗೆ ಕೂಡಿಸುವುದಿಲ್ಲ. 1851ರಲ್ಲಿ ಫ್ರಾನ್ಸಿನ ಫಿಜೋ ಕೊಳವೆಗಳಲ್ಲಿ ಸೆಕೆಂಡಿಗೆ ಸುಮಾರು 7 ಮೀಟರ್ ವೇಗದಿಂದ ನೀರು ಹರಿಸಿ, ಅದರೊಳಗೆ ಬೆಳಕನ್ನು ಹಾಯಿಸಿದನು. ಹೊಳೆಯ ಸೆಳವಿಗೆ ಸಿಕ್ಕ ದೋಣಿಯಂತೆ ಬೆಳಕಿಗೂ ಆ 7 ಮೀಟರ್ ಇಡಿಯಾಗಿ ದಕ್ಕಬೇಕಷ್ಟೆ? ದಕ್ಕಿದ್ದು ಅರ್ಧಕ್ಕೂ ಕಡಮೆ! ಫ್ರೆನೆಲ್ 1818ರಲ್ಲಿ ಊಹಿಸಿದ್ದಂತೆ ನೀರು ಈಥರನ್ನು ಅಷ್ಟಿಷ್ಟು ಎಳೆದೊಯ್ಯುತ್ತದೆಂದು ಅಂದಿನವರು ಸಮಾಧಾನ ತಂದುಕೊಂಡರು. ನಿಜವಾದ ಕಾರಣ ಬೇರೆ: ಕೊಳವೆಯ ಹೊರಗೆ ನಿಂತವನ ಗಡಿಯಾರ, ಅಳತೆಗೋಲುಗಳಿಗೂ ನೀರಿನೊಡನೆ ಸಾಗುವವನವಕ್ಕೂ ಹೊಂದಿಕೆಯಿಲ್ಲ. ಐನ್‌ಸ್ಟೈನನ 1905ರ ಸೂತ್ರದಿಂದಲೇ ಫಿಜೋನ ಫಲ ಬರುವುದೆಂದು 1907ರಲ್ಲಿ ಲೌಯೆ ತೋರಿಸಿಕೊಟ್ಟನು. ಆ ಸೂತ್ರದಂತೆ ಬೆಳಕಿನ ಅರ್ಧವೇಗಕ್ಕೆ ಇನ್ನೊಂದು ಅರ್ಧ ಸೇರಿದರೆ ಬರುವುದು ಐದರಲ್ಲಿ ನಾಲ್ಕು ಪಾಲು ಮಾತ್ರ.

‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಒಂದು ಸ್ವರ ಲೋಪವಾಗುವುದನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಕೂಡಿಯೂ ಕುಂದುವ ಈ ವ್ಯವಹಾರಕ್ಕೆ ಸಂಧಿಯೆಂಬ ಹೆಸರು ಸಿದ್ಧವಾಗಿಯೇ ಇರುವಾಗ ‘ವೇಗಸಂಧಿ’ ಎನ್ನಬಾರದೇಕೆ? ವೈಯಾಕರಣರು ಮುನಿದಾರು, ಮುನಿಯಲಿ. ಲೋಪ ಎಷ್ಟೆಂಬುದು ಮಾತ್ರ ವೇಗಗಳನ್ನು ಅವಲಂಬಿಸಿದೆ; ರೈಲಿನೊಳಗೆ ನಡೆದಾಡುವವನಿಗೆ ಹಳೆಯ ಸಂಕಲನವೇ ಸಾಕು.