ಹಳೆಯ ಯಂತ್ರಕ್ಕೆ ಮರಣದಂಡನೆ ಏಕೆ?

ಲ್ಯಾಂಕಶೈರಿನಲ್ಲಿ ತಯಾರಾದ ಮಗ್ಗಗಳನ್ನು ನಮ್ಮ ಗಿರಣಿಗಳಲ್ಲಿ ದಶಕಗಟ್ಟಲೆ ಓಡಿಸಿದ್ದಾರೆ. ಎಣ್ಣೆ ಬಿಟ್ಟರು, ಸವೆದ ಹಲ್ಲುಚಕ್ರ ಬದಲಿಸಿದರು, ಮಗ್ಗ ಓಡಿತು. ಯಂತ್ರ ಮುದಿಯಾಯಿತೆಂದು ಹೇಳುವ ಅಧಿಕಾರ ಅದರ ಮುಂದೆ ನಿಂತು ದುಡಿಯುವವನಿಗೆ ಇತ್ತೇ ಹೊರತು, ಅದನ್ನು ಮಾರಿ ಹಣ ಎಣಿಸಿಕೊಂಡವನಿಗಲ್ಲ. ಲ್ಯಾಪ್‌ಟಾಪಿನ ವಿಷಯದಲ್ಲಿ ಈ ನ್ಯಾಯ ತಲೆಕೆಳಗಾಗಿದೆ.

ನಮ್ಮ ಪೇಟೆಯ ಬಟ್ಟೆ ವರ್ತಕರೊಬ್ಬರು 2016ರಲ್ಲಿ ಕೊಂಡ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ಪರದೆ ಚೊಕ್ಕವಾಗಿದೆ, ಕೀಲಿಮಣೆ ಚೊಕ್ಕವಾಗಿದೆ. ಜಿ.ಎಸ್.ಟಿ. ಲೆಕ್ಕ, ಉದ್ರಿ ಖಾತೆ, ಮಗಳ ಕಾಲೇಜಿನ ಬರವಣಿಗೆ ಎಲ್ಲವೂ ಅದರಲ್ಲೇ. “ಇದರ ಕಥೆ ಮುಗಿಯಿತು, ಹೊಸದು ತಗೊಳ್ಳಿ” ಎಂದು ಅಂಗಡಿಯಲ್ಲಿ ಹೇಳಿ ಕಳಿಸಿದ್ದರಂತೆ. ಹೊಸದರ ಬೆಲೆ ಅವರ ಎರಡು ತಿಂಗಳ ಲಾಭ!

ಕೆಟ್ಟದ್ದು ಯಂತ್ರವಲ್ಲ, ಮುಗಿದದ್ದು ಕಂಪನಿಯ ಗಡುವು. ಲ್ಯಾಪ್‌ಟಾಪನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. 2021ರಲ್ಲಿ ಬಂದ ವಿಂಡೋಸ್ 11 ಕೇಳುವುದು 4 ಜಿಬಿ ಮೆಮೊರಿ, 64 ಜಿಬಿ ಜಾಗ. ಅದು ಹಳೆಯ ಯಂತ್ರಗಳಲ್ಲೂ ಉಂಟು. ಆದರೆ ಟಿಪಿಎಂ 2.0 ಎಂಬ ಭದ್ರತಾ ಸಾಧನ ಬೇಕು, ಪ್ರೊಸೆಸರ್ ಕಂಪನಿಯ ಪಟ್ಟಿಯಲ್ಲಿರಬೇಕು ಎಂಬ ಷರತ್ತೂ ಇದೆ. ಇಂಟೆಲ್‌ನದಾದರೆ ಬಹುಮಟ್ಟಿಗೆ 2017ರಲ್ಲಿ ಬಂದ ಎಂಟನೆಯ ಪೀಳಿಗೆ ಅಥವಾ ನಂತರದ್ದೇ ಆಗಬೇಕು. ಆ ಗೆರೆಯಿಂದಾಚೆ ಉಳಿದವರು ಏನು ಮಾಡಬೇಕು?

ಭದ್ರತೆಯ ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ಬೀಗದ ಗುಟ್ಟನ್ನು ಬೇರೆಡೆ ಕಾಪಾಡುವ ಸಾಧನ ಒಳ್ಳೆಯದೇ. ತೂತು ಮುಚ್ಚುವವರಿಲ್ಲದ ಹಳೆಯ ತಂತ್ರಾಂಶದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಅಪಾಯವೆಂಬುದೂ ನಿಜ. ಆದ್ದರಿಂದ “ಇದ್ದ ಹಾಗೇ ಇರಲಿ” ಎಂಬುದು ಉತ್ತರವಲ್ಲ. ಹೆದರಿ ಸಾಲ ಮಾಡಿ ಹೊಸದು ಕೊಳ್ಳುವುದೂ ಉತ್ತರವಲ್ಲ.

ದಾರಿಗಳು ಎರಡು ಇವೆ. ಮೊದಲನೆಯದು, ತಪಾಸಣೆಯನ್ನು ಬದಿಗಿರಿಸಿ ವಿಂಡೋಸ್ 11ನ್ನೇ ಹಾಕುವುದು. ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್ ಸಿದ್ಧಪಡಿಸುವಾಗಲೇ ಆ ತಡೆಗಳನ್ನು ತೆಗೆಯಬಹುದು. ಯಂತ್ರ ಓಡುತ್ತದೆ. ಆದರೆ ಅದಕ್ಕೆ ಕಂಪನಿ ಹೊಣೆಯಲ್ಲ. ತಿದ್ದುಪಡಿಗಳು ಬಂದೇ ಬರುತ್ತವೆಂಬ ಭರವಸೆ ಇಲ್ಲ. ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿಯನ್ನು ಸಾಮಾನ್ಯವಾಗಿ ಕೈಯಾರೆ ಹಾಕಿಕೊಳ್ಳಬೇಕು. ತೀರ ಹಳೆಯವು, ಅಂದರೆ 2008ಕ್ಕಿಂತ ಹಿಂದಿನ ಇಂಟೆಲ್ ಪ್ರೊಸೆಸರಿನವು, 2024ರ ಆವೃತ್ತಿಯಲ್ಲಿ ಏಳುವುದೇ ಇಲ್ಲ.

ಎರಡನೆಯದು ಲಿನಕ್ಸ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಕೆಲಸಕ್ಕೆ ಲೋಕದ ಸಾವಿರಾರು ಮಂದಿ ಕೈಜೋಡಿಸಿ ಬೆಳೆಸಿದ್ದು ಅದು. ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು. ಕನ್ನಡದ ಕೀಲಿಮಣೆ ಅದರಲ್ಲೇ ಇದೆ. ಲಿನಕ್ಸ್ ಮಿಂಟ್‌ನಂಥದನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಒಳಗಿನ ಒಂದು ಕಾಗದವೂ ಅಳಿಯುವುದಿಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಎಷ್ಟೋ ವರ್ಷಗಳಿಂದ ಇದರಲ್ಲೇ ಕಲಿಯುತ್ತಿದ್ದಾರೆ. ತೊಡಕೂ ಉಂಟು. ನಮ್ಮ ವರ್ತಕರು ನೆಚ್ಚಿದ ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು. ಪ್ರಿಂಟರು, ಡಿಜಿಟಲ್ ಸಹಿಯ ಕಡ್ಡಿ ಇವು ಕೆಲಸ ಮಾಡುತ್ತವೆಯೇ ಎಂದು ಮೊದಲೇ ಪರೀಕ್ಷಿಸಬೇಕು.

ಯಾವ ದಾರಿ ಹಿಡಿದರೂ ಮೊದಲು ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಡಿ. ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಹಳೆಯ ಯಂತ್ರದ ನಿಧಾನಕ್ಕೆ ಎಷ್ಟೋ ವೇಳೆ ಆ ಡಿಸ್ಕೇ ಕಾರಣ. ನಮ್ಮ ವರ್ತಕರು ಹಾಗೆಯೇ ಮಾಡಿದರು. ಒಂದೇ ಡಿಸ್ಕಿನಲ್ಲಿ ಎರಡನ್ನೂ ಹಾಕಿಸಿ, ಲೆಕ್ಕಕ್ಕೆ ವಿಂಡೋಸ್, ಬ್ಯಾಂಕಿನ ಕೆಲಸಕ್ಕೂ ಮಗಳ ಓದಿಗೂ ಲಿನಕ್ಸ್ ಎಂದು ಗೊತ್ತು ಮಾಡಿಕೊಂಡರು. ವಾರಕ್ಕೊಮ್ಮೆ ಖಾತೆಯ ನಕಲು ಪೆನ್‌ಡ್ರೈವಿಗೆ ಹೋಗುತ್ತದೆ.

ಆದರೆ ಒಬ್ಬೊಬ್ಬರ ಜಾಣತನದಿಂದ ಈ ಪ್ರಶ್ನೆ ಬಗೆಹರಿಯದು. ವಿಂಡೋಸ್ 10ಕ್ಕೆ ಇನ್ನೊಂದು ವರ್ಷ ತಿದ್ದುಪಡಿ ಕೊಡಲು ಕಂಪನಿ 30 ಡಾಲರ್ ಕೇಳಿತ್ತು. ಇಲ್ಲವೇ ತನ್ನ ಖಾತೆಗೆ ಯಂತ್ರದ ವಿವರ ಸೇರಿಸಿರೆಂಬಂಥ ಷರತ್ತು ಹಾಕಿತ್ತು. ಯುರೋಪಿನ ಗ್ರಾಹಕ ಸಂಘಟನೆಗಳು ಆಕ್ಷೇಪಿಸಿದ ಮೇಲೆ, 2025ರಲ್ಲಿ, ಅಲ್ಲಿನವರಿಗೆ ಹಣವನ್ನೂ ಈ ಷರತ್ತನ್ನೂ ಬಿಟ್ಟಿತು. ಕೇಳಿದವರಿಗೆ ಸಿಕ್ಕಿತು! ಅದೇ ಯುರೋಪಿನಲ್ಲಿ 2025ರ ಜೂನ್‌ನಿಂದ ಮೊಬೈಲ್ ತಯಾರಕರು ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ತಂತ್ರಾಂಶ ಬೆಂಬಲ ಒದಗಿಸಬೇಕೆಂಬ ನಿಯಮ ಜಾರಿಗೆ ಬಂದಿದೆ. ಭಾರತ ಸರ್ಕಾರವೂ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಸಮಿತಿಯಿಂದ ಹೊಟ್ಟೆ ತುಂಬುವುದಿಲ್ಲ.

ಔಷಧದ ಪಟ್ಟಿಯ ಮೇಲೆ ಅವಧಿ ಮುಗಿಯುವ ದಿನ ಅಚ್ಚಾಗಿರುತ್ತದೆ. ಲ್ಯಾಪ್‌ಟಾಪಿನ ಪೆಟ್ಟಿಗೆಯ ಮೇಲೂ ಬೆಂಬಲ ನಿಲ್ಲುವ ದಿನ ಏಕೆ ಅಚ್ಚಾಗಬಾರದು? ವರ್ತಕರ ಸಂಘವೂ ಕಾರ್ಮಿಕ ಸಂಘವೂ ಕೂಡಿ ಈ ಬೇಡಿಕೆಯನ್ನು ಎತ್ತಲಿ. ಜೊತೆಗೆ, ಬಲ್ಲ ಹುಡುಗರನ್ನು ಕರೆಸಿ, ಒಂದು ಭಾನುವಾರ ಸಂಘದ ಕಚೇರಿಯಲ್ಲಿ ಊರಿನ ಹಳೆಯ ಲ್ಯಾಪ್‌ಟಾಪುಗಳಿಗೆಲ್ಲ ಮರುಜೀವ ಕೊಡಿಸಲಿ. ಬೆವರಿನ ದುಡ್ಡಿನಿಂದ ಕೊಂಡ ವಸ್ತುವಿನ ಆಯುಸ್ಸನ್ನು ಕೊಂಡವನು ನಿರ್ಧರಿಸಬೇಕು.