ಬಣ್ಣದ ಗೋಡೆ, ಬೀಗ ಬಿದ್ದ ಶೌಚಾಲಯ

ಸರ್ಕಾರಿ ಶಾಲೆಗಳ ಅಂದ ಹೆಚ್ಚಿಸುವ ಉತ್ಸಾಹ ಹಳೆಯ ವಿದ್ಯಾರ್ಥಿಗಳಲ್ಲೂ ಕಂಪನಿಗಳಲ್ಲೂ ಕಾಣುತ್ತಿದೆ. ರೈಲು ಬೋಗಿಯಂತೆ ಬಣ್ಣ ಬಳಿದ ತರಗತಿಗಳು ಪತ್ರಿಕೆಗಳಲ್ಲಿ ಚಿತ್ರವಾಗುತ್ತಿವೆ. ಇದು ಸ್ವಾಗತಾರ್ಹ; ಕಳೆ ಬೆಳೆದ ಅಂಗಳಕ್ಕೆ ಮಗುವನ್ನು ಕಳುಹಿಸಲು ಯಾವ ಪೋಷಕರಿಗೂ ಮನಸ್ಸಾಗದು.

ಆದರೆ ಬಣ್ಣ ಒಮ್ಮೆಯ ವೆಚ್ಚ, ಶುಚಿತ್ವ ನಿತ್ಯದ ವೆಚ್ಚ. ಕಮಾನಿನ ಮೇಲೆ ದಾನಿಯ ಹೆಸರು ಕೆತ್ತಿಸಬಹುದು. ಶೌಚಾಲಯ ತೊಳೆಯುವವರ ಕೂಲಿಯ ಮೇಲೆ ಕೆತ್ತಿಸಲಾಗದು. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ 31ರಿಂದ 100 ಮಕ್ಕಳಿರುವ ಶಾಲೆಗೆ ವಾರ್ಷಿಕ ಅನುದಾನ 25,000 ರೂಪಾಯಿ. ದುರಸ್ತಿ, ಕಲಿಕಾ ಸಾಮಗ್ರಿ, ಸ್ವಚ್ಛತೆ ಎಲ್ಲವೂ ಇದರೊಳಗೇ. ಮಕ್ಕಳಿಂದ ಶೌಚಾಲಯ ತೊಳೆಸಿದ ಪ್ರಕರಣಗಳು ಬಯಲಾದಾಗ, 2023ರ ಡಿಸೆಂಬರ್‌ನಲ್ಲಿ ರಾಜ್ಯದ ಶಿಕ್ಷಣ ಇಲಾಖೆ ಅದನ್ನು ನಿಷೇಧಿಸಿ ಸುತ್ತೋಲೆ ಹೊರಡಿಸಿತು. ಸರಿಯೇ. ಹಾಗಾದರೆ ತೊಳೆಯುವವರು ಯಾರು? ಸುತ್ತೋಲೆಗೆ ಪೊರಕೆ ಹಿಡಿಯಲು ಬಾರದು. ತೊಳೆಯುವವರಿಲ್ಲದ ಕಡೆ ಬಾಗಿಲಿಗೆ ಬೀಗ ಬೀಳುತ್ತದೆ. ಸಂಜೆಯವರೆಗೆ ನೀರು ಕುಡಿಯದೆ ಕೂರುವವರು ಹೆಣ್ಣುಮಕ್ಕಳು.

ದತ್ತಿನಿಧಿಯ ಪದ್ಧತಿ ನಮ್ಮ ನಾಡಿಗೆ ಹೊಸದೇನಲ್ಲ. ಉಪನ್ಯಾಸಕ್ಕೆ, ಚಿನ್ನದ ಪದಕಕ್ಕೆ ದತ್ತಿ ಇಡುತ್ತೇವೆ, ಪೊರಕೆಗೂ ಇಡಬಾರದೇಕೆ? ಐದು ಲಕ್ಷ ರೂಪಾಯಿ ಠೇವಣಿಗೆ ಶೇ 6ರ ಬಡ್ಡಿಯೆಂದರೂ ವರ್ಷಕ್ಕೆ 30,000 ರೂಪಾಯಿ, ಅಂದರೆ ಈಗಿನ ಇಡೀ ಅನುದಾನಕ್ಕಿಂತ ಹೆಚ್ಚು. ದಿನಕ್ಕೊಂದು ಗಂಟೆ ಬಂದು ತೊಳೆಯುವವರಿಗೆ ಕೂಲಿ ಕೊಡಬಹುದು. ಅಸಲು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಹೆಸರಿನಲ್ಲಿರಲಿ, ಬಡ್ಡಿ ಮಾತ್ರ ಖರ್ಚಾಗಲಿ. ದಾನಿಯ ಹೆಸರಿನ ಫಲಕವನ್ನು ಬೇಕಿದ್ದರೆ ಶೌಚಾಲಯದ ಗೋಡೆಗೇ ಹಾಕೋಣ. ನಿರ್ವಹಣೆಗೆ ಹಣ ಇಡದ ಸೌಂದರ್ಯೀಕರಣ ಕಾಮಗಾರಿಗಳಿಗೆ ಇಲಾಖೆ ಇನ್ನು ಮುಂದೆ ಅನುಮತಿ ನೀಡಬಾರದು.